‘ಇಂದು ಟಿವಿಯಲ್ಲಿ’ ಪಟ್ಟಿ ನಮ್ಮ ಗಡಿಯಾರಕ್ಕೆ ಬರಲಿ

ಮಾನ್ಯ ಸಂಪಾದಕರೇ,

ತಮ್ಮ ಕ್ರೀಡಾಪುಟದ ‘ಇಂದು ಟಿವಿಯಲ್ಲಿ’ ಪಟ್ಟಿಯಲ್ಲಿ ಕ್ರಿಕೆಟ್, ಕಬಡ್ಡಿಯ ಹೊತ್ತು ಸರಿಯಾಗಿಯೇ ಇರುತ್ತದೆ. ಎಡವಟ್ಟಾಗುವುದು ವಾರಾಂತ್ಯದ ಕಾರ್ ರೇಸ್, ಬೇಸ್‌ಬಾಲ್ ಬಂದಾಗ. ನ್ಯೂಯಾರ್ಕಿನ ಪಂದ್ಯಕ್ಕೆ ‘ಶನಿವಾರ ಸಂಜೆ 7.10’ ಎಂದು ಅಲ್ಲಿನ ಸಮಯವನ್ನೇ ಅಚ್ಚು ಹಾಕಿರುತ್ತೀರಿ. ಅದು ನಮಗೆ ಬರುವುದು ಭಾನುವಾರ ಬೆಳಗಿನ ಜಾವ 4.40ಕ್ಕೆ. ಪಟ್ಟಿ ನಂಬಿ ಶನಿವಾರ ಸಂಜೆ ಟಿವಿ ಹಾಕಿದವರಿಗೆ ಮರುಪ್ರಸಾರವೇ ಗತಿ.

ಲೆಕ್ಕವೇನೂ ಕಷ್ಟದ್ದಲ್ಲ. ಅಮೆರಿಕದವರು ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಿಡುವ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ನ್ಯೂಯಾರ್ಕ್ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಬೇಕು. ಶಿಕಾಗೊಗೆ ಹತ್ತೂವರೆ, ಲಾಸ್ ಏಂಜಲಿಸ್‌ಗೆ ಹನ್ನೆರಡೂವರೆ. ಉಳಿದ ತಿಂಗಳುಗಳಲ್ಲಿ ಇನ್ನೊಂದು ಗಂಟೆ ಹೆಚ್ಚು. ಯುರೋಪಿನಲ್ಲಿ ಗಡಿಯಾರ ತಿರುಗಿಸುವ ದಿನವೇ ಬೇರೆ: ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳು. ಈ ಎರಡರ ನಡುವೆ ಸಿಕ್ಕಿಕೊಳ್ಳುವ ವಾರಗಳಲ್ಲಿ ಅನುಭವಸ್ಥರೂ ತಪ್ಪುತ್ತಾರೆ. ಯುರೋಪಿನ ಎಫ್1 (ಫಾರ್ಮುಲಾ ಒನ್) ಕಾರ್ ರೇಸುಗಳ ಮಟ್ಟಿಗೆ ತಲೆಬಿಸಿ ಕಡಿಮೆ. ಸಾಮಾನ್ಯವಾಗಿ ಅಲ್ಲಿನ ಮಧ್ಯಾಹ್ನ ಮೂರಕ್ಕೆ ಶುರು, ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಬ್ರಿಟನ್ನಿನ ಸಿಲ್ವರ್‌ಸ್ಟೋನ್ ಮಾತ್ರ 7.30.

ಇನ್ನೊಂದು ಮಾತು. ಸಮಯ ಸರಿಪಡಿಸಿ ಭಾನುವಾರದ ಪತ್ರಿಕೆಯಲ್ಲಿ ‘ಇಂದು ಬೆಳಿಗ್ಗೆ 4.40’ ಎಂದು ಹಾಕಿದರೂ ಉಪಯೋಗವಿಲ್ಲ. ಶಿವಮೊಗ್ಗ ಪೇಟೆಯಲ್ಲೇ ಅಷ್ಟು ಹೊತ್ತಿಗೆ ಪತ್ರಿಕೆ ಕೈಸೇರುವುದಿಲ್ಲ, ಇನ್ನು ಹೊಸನಗರ, ನಗರ, ಆಗುಂಬೆ ಕಡೆಯವರ ಪಾಡು ಹೇಳುವುದೇ ಬೇಡ. ಭಾನುವಾರ ಬೆಳಿಗ್ಗೆ ಹತ್ತರೊಳಗಿನದೆಲ್ಲ ಶನಿವಾರದ ಪಟ್ಟಿಯಲ್ಲೇ ಬರಬೇಕು. ಅಲ್ಲಿನ ಭಾನುವಾರ ಮಧ್ಯಾಹ್ನ 1.35ರ ಪಂದ್ಯ ನಮಗೆ ಅದೇ ರಾತ್ರಿ 11.05ಕ್ಕೆ, ಅದು ಭಾನುವಾರದ ಪಟ್ಟಿಗೆ.

ಮುಗಿಯುವ ಹೊತ್ತನ್ನೂ ಕೊಡುತ್ತೀರಿ. ಬೇಸ್‌ಬಾಲ್‌ಗೆ ದಯವಿಟ್ಟು ಅದನ್ನು ಬಿಟ್ಟುಬಿಡಿ. 2023ರಲ್ಲಿ ಪಿಚ್ ಕ್ಲಾಕ್ (ಚೆಂಡೆಸೆಯಲು ಇಷ್ಟೇ ಸೆಕೆಂಡು ಎಂದು ಮಿತಿ ಹಾಕುವ ಗಡಿಯಾರ) ಬಂದ ಮೇಲೆ ಒಂಬತ್ತು ಇನಿಂಗ್ಸ್ ಹೆಚ್ಚೂಕಡಿಮೆ ಎರಡು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ ನಿಜ. ಆದರೆ ಸಮಬಲವಾದರೆ ಆಟ ಮುಂದುವರಿಯುತ್ತದೆ. 2025ರ ವರ್ಲ್ಡ್ ಸೀರೀಸ್ (ಅಲ್ಲಿನ ಬೇಸ್‌ಬಾಲ್ ಫೈನಲ್ ಸರಣಿ) ಮೂರನೇ ಪಂದ್ಯ, ಡಾಡ್ಜರ್ಸ್ ಮತ್ತು ಬ್ಲೂ ಜೇಸ್ ನಡುವಿನದು, 18 ಇನಿಂಗ್ಸ್ ಎಳೆದು 6 ಗಂಟೆ 39 ನಿಮಿಷ ನಡೆಯಿತು. ಇಲ್ಲಿ ಬೆಳಕು ಹರಿಯುವ ಮೊದಲೇ ಶುರುವಾದದ್ದು ಮುಗಿದದ್ದು ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ. ಸೆಟ್‌ಟಾಪ್ ಬಾಕ್ಸಿನಲ್ಲಿ ಪಟ್ಟಿ ನೋಡಿ ರೆಕಾರ್ಡಿಂಗ್ ಇಟ್ಟವರಿಗೆ ಕೊನೆಯ ಇನಿಂಗ್ಸೇ ಸಿಗುವುದಿಲ್ಲ. ಒಂದೂವರೆ ಗಂಟೆಯಾದರೂ ಹೆಚ್ಚಿಗೆ ಇಡಬೇಕು. ರೇಸಿನಲ್ಲಿ ಹಾಗಲ್ಲ, ಎಫ್1ಗೆ ಓಟದ ಮಿತಿ ಎರಡು ಗಂಟೆ, ನಡುವೆ ನಿಲ್ಲಿಸಿದರೂ ಸೇರಿ ಮೂರು. ಅಮೆರಿಕದ ಇಂಡಿಯಾನಾಪೊಲಿಸ್ 500ರಂಥ ಓವಲ್ (ಮೊಟ್ಟೆಯಾಕಾರದ ಟ್ರ್ಯಾಕಿನ) ರೇಸುಗಳದ್ದು ಬೇರೆ ಕಥೆ: ಟ್ರ್ಯಾಕ್ ಒದ್ದೆಯಾದರೆ ಕಾರು ಇಳಿಸುವುದೇ ಇಲ್ಲ. ನಮ್ಮ ರಾತ್ರಿ ಹತ್ತೂಕಾಲರ ಸುಮಾರಿಗೆ ಹೊರಡಬೇಕಿದ್ದ 2024ರ ರೇಸ್ ಮಳೆಯಿಂದ ನಾಲ್ಕು ಗಂಟೆ ತಡವಾಗಿ ಹೊರಟಿತು. ‘ಮಳೆ ಬಂದರೆ ತಡ’ ಎಂಬ ಒಂದು ಸಾಲು ಸಾಕು.

ಅಲ್ಲಿಯ ಮಳೆ ಹಾಗಿರಲಿ, ಎರಡೂ ಆಟದ ಭರಾಟೆಯ ತಿಂಗಳುಗಳು ನಮ್ಮ ಮಳೆಗಾಲಕ್ಕೇ ಬಂದು ಕೂರುತ್ತವೆ. ಜೂನ್ ಮೊದಲ ವಾರ ತಾವು ಈ ಕೆಳಗಿನಷ್ಟನ್ನು ಪ್ರಕಟಿಸಿದರೆ ಬಹಳ ಜನಕ್ಕೆ ಮೆಕ್ಯಾನಿಕ್ ಖರ್ಚು ಉಳಿದೀತು. ಜಡಿಮಳೆಗೆ ಚಿತ್ರ ಹೋಗಿ, ಮಳೆ ಸಣ್ಣಗಾದ ಕೆಲವೇ ನಿಮಿಷಕ್ಕೆ ಬಂದರೆ ಡಿಶ್ ಸರಿಯಾಗಿದೆ ಎಂದೇ ಅರ್ಥ, ತಿರುಗಿಸಲು ಹೋಗಬಾರದು. ಮಳೆ ನಿಂತ ಮೇಲೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ, ಅಥವಾ ಕೆಲವು ಚಾನೆಲ್ ಇದ್ದು ಕೆಲವು ಮಾತ್ರ ಮಾಯವಾಗಿದ್ದರೆ, ಎಲ್‌ಎನ್‌ಬಿ (ಡಿಶ್ ಮುಂದಿನ ಕೋಲಿನ ತುದಿಯಲ್ಲಿರುವ, ಸಿಗ್ನಲ್ ಹಿಡಿಯುವ ಭಾಗ) ಕನೆಕ್ಟರಿಗೆ ನೀರು ಇಳಿದಿದೆಯೇ ಎಂದು ಮೊದಲು ನೋಡಬೇಕು. ಬಾಕ್ಸು ಚಾನೆಲ್‌ಗೆ ತಕ್ಕಂತೆ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಕಿಲುಬು ಹಿಡಿದ ಕಡೆ ವೋಲ್ಟೇಜ್ ಕುಸಿದರೆ 18ರ ಗುಂಪು ಪೂರ್ತಿ ಹೋಗುತ್ತದೆ, 13ರದು ಉಳಿಯುತ್ತದೆ. ಬಾಕ್ಸಿನ ಪ್ಲಗ್ ತೆಗೆದು, ಕೇಬಲ್ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ. ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರಬೇಕು. ಕೇಬಲ್ ಮನೆಯೊಳಗೆ ಹೋಗುವ ಮೊದಲು ಒಂದು ಬಾಗು ಕೆಳಕ್ಕೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನಮ್ಮ ಕಡೆ ಡಿಶ್‌ಗಳ ಮುಖ ಸಾಮಾನ್ಯವಾಗಿ ದಕ್ಷಿಣಕ್ಕೋ ಆಗ್ನೇಯಕ್ಕೋ. ಆ ದಿಕ್ಕಿನ ಅಡಿಕೆ ಸೋಗೆ ವರ್ಷದಿಂದ ವರ್ಷಕ್ಕೆ ಮೇಲೇರಿ ಅಡ್ಡ ಬರುತ್ತದೆ.

ಆ್ಯಪ್‌ನಲ್ಲಿ ನೋಡುವವರು ಈಗ ಹೆಚ್ಚು. 2024ರಿಂದ ಎಫ್1 ಇಲ್ಲಿ ಫ್ಯಾನ್‌ಕೋಡ್ ಆ್ಯಪ್‌ಗೆ ಹೋಯಿತು. ಮೊಬೈಲ್ ಡೇಟಾದಲ್ಲಿ ಎಚ್‌ಡಿ ಇಟ್ಟರೆ ಗಂಟೆಗೆ ಸುಮಾರು ಎರಡು ಜಿಬಿ ಬೇಕು, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇಡೀ ರೇಸಿಗೆ ಸಾಲದು. ಗುಣಮಟ್ಟ 480ಕ್ಕೆ ಇಳಿಸಿಕೊಳ್ಳಿ. ಫೈಬರ್ ಇರುವವರು ರೂಟರ್ ಜೊತೆಗೆ ಫೈಬರ್ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಸೇರಿಸಬೇಕು. ರೂಟರ್ ಒಂದಕ್ಕೇ ಕೊಟ್ಟರೆ ಕರೆಂಟ್ ಹೋದಾಗ ವೈಫೈ ಗುರುತು ಇರುತ್ತದೆ, ನೆಟ್ ಇರುವುದಿಲ್ಲ.

ಫಲಿತಾಂಶದ ಬಗ್ಗೆಯೂ ಚೂರು. ಬೇಸ್‌ಬಾಲ್ ಅಂಕಪಟ್ಟಿಯಲ್ಲಿ ತವರಿನ ತಂಡದ ಒಂಬತ್ತನೇ ಇನಿಂಗ್ಸ್ ಜಾಗದಲ್ಲಿ ‘ಎಕ್ಸ್’ ಇದ್ದರೆ ಅದು ಅಚ್ಚಿನ ತಪ್ಪಲ್ಲ, ಸೊನ್ನೆ ಮಾಡಬೇಡಿ. ಮೊದಲೇ ಮುಂದಿರುವ ತವರು ತಂಡ ಆ ಸರದಿ ಆಡುವುದಿಲ್ಲ. ಸಾಲಿನ ಕೊನೆಗೆ ಬರುವ ಮೂರು ಅಂಕಿ ಕ್ರಮವಾಗಿ ರನ್, ಹಿಟ್ (ಹೊಡೆದು ಬೇಸ್ ಮುಟ್ಟಿದ್ದು), ಎರರ್ (ಫೀಲ್ಡಿಂಗ್ ತಪ್ಪು). ಜಾಗ ಸಾಲದಿದ್ದರೆ ಇನಿಂಗ್ಸ್ ವಿವರ ಬಿಟ್ಟು ಈ ಮೂರನ್ನಾದರೂ ಉಳಿಸಿ.

— ರೇಸ್ ಮತ್ತು ಬೇಸ್‌ಬಾಲ್ ನೋಡುವ ಓದುಗರು, ತೀರ್ಥಹಳ್ಳಿ