ಪೋಸ್ಟ್‌ಗ್ರೆಸ್: ಅತಿ ಹೆಚ್ಚು ಸಲ ಓಡುವ ಕ್ವೆರಿ ಹಿಡಿಯುವುದು

ಗುಂಪಿನ ಎಲ್ಲರ ಗಮನಕ್ಕೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರಿನಲ್ಲಿ ಸಿಪಿಯು ಬಳಕೆ ಏರಿದಾಗ ಸ್ಲೋ ಕ್ವೆರಿ ಲಾಗ್ (ನಿಧಾನವಾಗಿ ಓಡಿದ ಕ್ವೆರಿಗಳ ದಾಖಲೆ) ಒಂದನ್ನೇ ನೋಡಿ ಸುಮ್ಮನಾಗಬೇಡಿ. 2 ಮಿಲಿಸೆಕೆಂಡಿನ ಕ್ವೆರಿ ಆ ಲಾಗಿಗೆ ಸಾಮಾನ್ಯವಾಗಿ ಬರುವುದೇ ಇಲ್ಲ. ಅದೇ 4 ಲಕ್ಷ ಸಲ ಓಡಿದರೆ 800 ಸೆಕೆಂಡ್ ತಿಂದಿರುತ್ತದೆ. 4 ಸೆಕೆಂಡಿನ ರಿಪೋರ್ಟ್ 20 ಸಲ ಓಡಿದರೂ 80 ಸೆಕೆಂಡ್ ಅಷ್ಟೇ.

ಈ ಲೆಕ್ಕ ಇಡುವುದು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಎಂಬ ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಷನ್ (ಹೆಚ್ಚುವರಿ ಭಾಗ). ಕಾನ್ಫಿಗ್ ಫೈಲಿನಲ್ಲಿ ಶೇರ್ಡ್_ಪ್ರಿಲೋಡ್_ಲೈಬ್ರರೀಸ್ ಸಾಲಿಗೆ ಅದರ ಹೆಸರು ಸೇರಿಸಿ (ಮೊದಲೇ ಇರುವ ಹೆಸರುಗಳನ್ನು ಅಳಿಸಬೇಡಿ), ಸರ್ವರ್ ರೀಸ್ಟಾರ್ಟ್ ಮಾಡಿ. ರೀಲೋಡ್ ಸಾಲದು. ಆಮೇಲೆ ಡೇಟಾಬೇಸಿನೊಳಗೆ ಕ್ರಿಯೇಟ್ ಎಕ್ಸ್‌ಟೆನ್ಷನ್ ಕೊಡಿ. ಇದನ್ನು ಮರೆತರೆ ಅದೇ ಹೆಸರಿನ ವ್ಯೂ (ಈ ಲೆಕ್ಕವನ್ನು ಟೇಬಲ್ಲಿನಂತೆ ತೋರಿಸುವುದು) ಕಾಣಿಸುವುದಿಲ್ಲ.

ಆ ವ್ಯೂನಿಂದ ಕಾಲ್ಸ್ (ಎಷ್ಟು ಸಲ ಓಡಿತು) ಕಾಲಮ್ಮಿನ ಮೇಲೆ ಇಳಿಕೆ ಕ್ರಮದಲ್ಲಿ 20 ಸಾಲು ತೆಗೆಯಿರಿ. ಪಕ್ಕದಲ್ಲೇ ರೋಸ್ (ಒಟ್ಟು ಎಷ್ಟು ಸಾಲು ಬಂತು) ಮತ್ತು ಟೋಟಲ್_ಎಕ್ಸೆಕ್_ಟೈಮ್ (ಓಡಲು ಹಿಡಿದ ಒಟ್ಟು ಸಮಯ) ಇರಲಿ. ಪೋಸ್ಟ್‌ಗ್ರೆಸ್ 12 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ಟೋಟಲ್_ಟೈಮ್. ಐಡಿ ಕೊಟ್ಟು ಒಂದೇ ಸಾಲು ತರುವ ಕ್ವೆರಿಯಲ್ಲಿ ಕಾಲ್ಸ್, ರೋಸ್ ಎರಡೂ ಹೆಚ್ಚುಕಡಿಮೆ ಸಮವಾಗಿ ಲಕ್ಷ ದಾಟಿದ್ದರೆ, ಆ್ಯಪ್ ಕೋಡಿನಲ್ಲಿ ಲೂಪಿನೊಳಗಿಂದ ಕರೆ ಹೋಗುತ್ತಿದೆಯೇ ಎಂದು ಮೊದಲು ಹುಡುಕಿ. ಅಲ್ಲಿ ಇಂಡೆಕ್ಸ್ ಹಾಕಿ ಪ್ರಯೋಜನವಿಲ್ಲ, ಕರೆಗಳನ್ನೇ ಒಟ್ಟುಗೂಡಿಸಬೇಕು.

ಎಣಿಕೆ ಕಳೆದ ರೀಸೆಟ್‌ನಿಂದ ಈವರೆಗಿನದು, ಇವತ್ತಿನದಲ್ಲ. ಹಾಗಾಗಿ ಒಂದು ಗಂಟೆ ಅಂತರದಲ್ಲಿ ಎರಡು ಸಲ ತೆಗೆದು ವ್ಯತ್ಯಾಸ ನೋಡಿ. ಇನ್ನೊಂದು ತೊಡಕು: ಪೂರ್ವನಿಗದಿ ಮಿತಿ 5000 ನಮೂದು. ಅದು ತುಂಬಿದರೆ ಕಡಿಮೆ ಓಡಿದವು ಉದುರುತ್ತವೆ. 18ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ‘ಇನ್’ ಪಟ್ಟಿಯ (ಕ್ವೆರಿಯಲ್ಲಿ ಇನ್ ಪದದ ಮುಂದೆ ಕೊಡುವ ಮೌಲ್ಯಗಳ) ಉದ್ದ ಬದಲಾದಂತೆಲ್ಲ ಒಂದೇ ಕ್ವೆರಿ ಬೇರೆಬೇರೆ ನಮೂದಾಗಿ ಒಡೆಯುತ್ತದೆ. ಅವನ್ನು ಕೂಡಿಸಿ ನೋಡಿ.