ಟ್ಯಾಂಪಾದಿಂದ ಅಪ್ಪನಿಗೆ

ಟ್ಯಾಂಪಾ, ಫ್ಲಾರಿಡಾ
18 ಮೇ 2021

ತೀರ್ಥರೂಪರಾದ ಅಪ್ಪನವರಿಗೆ ರಘು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮ.

ಸುಮಿ ವಾಟ್ಸಾಪಿನಲ್ಲಿ ಕಳಿಸಿದ ನಿಮ್ಮ ಪತ್ರದ ಫೋಟೊ ತಲುಪಿತು. ಎರಡು ಪುಟದಲ್ಲಿ ಒಂದೂವರೆ ಪುಟ ರ‍್ಯಾಪ್ಟರ್ಸ್ ಬಾಸ್ಕೆಟ್‌ಬಾಲ್ ತಂಡದ ವಿಚಾರವೇ ಇದೆ; ನಿಮ್ಮ ಕೆಮ್ಮಿನ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ಅಂಚಿನಲ್ಲಿ ಅಮ್ಮ ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಮೊದಲು ನಿಮ್ಮ ಪ್ರಶ್ನೆಗೆ ಉತ್ತರಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀವು ಓದುವವರಲ್ಲ.

ಮೊನ್ನೆ ಭಾನುವಾರ ಇಂಡಿಯಾನಾ ಎದುರು ಕೊನೆಯ ಪಂದ್ಯವನ್ನೂ ಇಲ್ಲಿಯೇ ಸೋತರು. ಒಟ್ಟು 72 ಪಂದ್ಯಗಳಲ್ಲಿ ಗೆದ್ದದ್ದು 27, ಸೋತದ್ದು 45. ಪೂರ್ವ ವಿಭಾಗದಲ್ಲಿ 12ನೆಯ ಸ್ಥಾನ. 2019ರಲ್ಲಿ ಚಾಂಪಿಯನ್ ಆಗಿದ್ದವರು, ಏಳು ವರ್ಷ ತಪ್ಪದೆ ಪ್ಲೇಆಫ್ ತಲುಪಿದವರು ಆಟವನ್ನೇ ಮರೆತರೇ ಎಂದು ಕೇಳಿದ್ದೀರಿ. ಮರೆತಿಲ್ಲ ಅಪ್ಪ. ಕೋವಿಡ್ ಕಾರಣದಿಂದ ತಂಡಗಳು ಗಡಿ ದಾಟಿ ಹೋಗಿಬರುವುದಕ್ಕೆ ಕೆನಡಾ ಸರ್ಕಾರ ಒಪ್ಪದೇ ಹೋದದ್ದರಿಂದ ಟೊರೊಂಟೊ ಬಿಟ್ಟು ಈ ಊರಿಗೆ ಬಂದವರು ಇವರು. ಮೊದಲ ಕೆಲವು ತಿಂಗಳು ಮಾತ್ರವೆಂದು ಬಂದರು, ಫೆಬ್ರವರಿಯಲ್ಲಿ ಇಡೀ ಋತು ಇಲ್ಲಿಯೇ ಎಂದಾಯಿತು. ಅಭ್ಯಾಸಕ್ಕೆ ಹೋಟೆಲೊಂದರ ಬಾಲ್‌ರೂಮಿನಲ್ಲಿ, ಅಂದರೆ ನಮ್ಮಲ್ಲಿ ಆರತಕ್ಷತೆ ನಡೆಯುವಂಥ ಹಾಲಿನಲ್ಲಿ, ಕೋರ್ಟ್ ಹಾಸಿಕೊಂಡರು. ಪಂದ್ಯಗಳು ನಡೆದ ಅಮಾಲಿ ಅರೀನಾ ಐಸ್ ಹಾಕಿ ತಂಡದ ಮನೆ. ಮಂಜುಗಡ್ಡೆಯ ಮೇಲೆ ಹೊದಿಕೆ ಹಾಸಿ, ಅದರ ಮೇಲೆ ಮರದ ನೆಲ ಜೋಡಿಸಿ ಆಡಿಸುತ್ತಿದ್ದರು.

ಫೆಬ್ರವರಿ 2ರಂದು ಒರ್ಲ್ಯಾಂಡೊ ಎದುರು ಇವರ ಆಟಗಾರ ವ್ಯಾನ್‌ವ್ಲೀಟ್ 54 ಪಾಯಿಂಟ್ ಹೊಡೆದಾಗ ಇನ್ನು ಚೇತರಿಸಿಕೊಂಡರೆಂದೇ ಎಲ್ಲರೂ ಅಂದುಕೊಂಡಿದ್ದರು. ಆ ತಿಂಗಳ ಕೊನೆಗೆ ತಂಡದೊಳಗೇ ಕೋವಿಡ್ ಹೊಕ್ಕಿತು, ತರಬೇತುದಾರ ನಿಕ್ ನರ್ಸ್ ಕೂಡ ದೂರ ಉಳಿಯಬೇಕಾಯಿತು. ಮಾರ್ಚಿನಲ್ಲಿ ಆಡಿದ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಸತತ 20 ಸೋತು ಕೂತಿದ್ದ ಹ್ಯೂಸ್ಟನ್ ತಂಡಕ್ಕೂ ಸೋತರೆಂದ ಮೇಲೆ ಇನ್ನೇನು ಹೇಳಲಿ?

ಏಪ್ರಿಲ್ 2ರಂದು ನಾನು ಆಟ ನೋಡಲು ಹೋಗಿದ್ದೆ. ಹೆದರಬೇಡಿ, ಮಾಸ್ಕ್ ತೆಗೆಯಲಿಲ್ಲ, ಕುರ್ಚಿಗಳೂ ದೂರದೂರವಿದ್ದವು. ಗೋಲ್ಡನ್ ಸ್ಟೇಟ್ ತಂಡವನ್ನು 130–77ರಿಂದ ಸದೆಬಡಿದರು. ನನ್ನ ಸಾಲಿನಲ್ಲಿದ್ದವರೆಲ್ಲ ಆ ಎದುರಾಳಿ ತಂಡದ ತಾರೆ ಸ್ಟೀಫನ್ ಕರಿ ಹೆಸರಿನ ಅಂಗಿ ತೊಟ್ಟವರು. ಕರಿ ಅಂದು ಆಡಲೇ ಇಲ್ಲ. ಅಷ್ಟು ದೊಡ್ಡ ಗೆಲುವಿಗೆ ತಂಡದ ಸ್ವಂತ ಊರಿನಲ್ಲಿ ಸಿಕ್ಕಬೇಕಾದ ಚಪ್ಪಾಳೆಯ ಕಾಲುಭಾಗವೂ ಸಿಗಲಿಲ್ಲ. ಮಂಡ್ಯದಲ್ಲಿ ನೀವು ಆಡಿದ್ದು ಹೆಸರು ಹಿಡಿದು ಕೂಗುವವರ ಎದುರಿಗೆ. ಅದಿಲ್ಲದೆ ಒಂದು ವರ್ಷ ಆಡುವುದೆಂದರೆ ಏನೆಂದು ನಿಮಗೆ ನಾನು ವಿವರಿಸಬೇಕಿಲ್ಲ.

ಹಾಗೆಂದು ಇದನ್ನು ಸೋಲುವವರ ಊರೆಂದು ತಿಳಿಯಬೇಡಿ. ಫೆಬ್ರವರಿಯಲ್ಲಿ ಇಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡ ತನ್ನದೇ ಕ್ರೀಡಾಂಗಣದಲ್ಲಿ ಸೂಪರ್ ಬೌಲ್, ಅಂದರೆ ಋತುವಿನ ಅಂತಿಮ ಪಂದ್ಯ, ಗೆದ್ದಿತು. ಆ ಕ್ರೀಡಾಂಗಣದೊಳಗೆ ಕಡಲ್ಗಳ್ಳರ ಹಡಗೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ, ತಂಡ ಅಂಕ ಗಳಿಸಿದರೆ ಅದರ ಫಿರಂಗಿ ಹಾರಿಸುತ್ತಾರೆ! ಐಸ್ ಹಾಕಿ ತಂಡ ಕಳೆದ ವರ್ಷವಷ್ಟೇ ಸ್ಟ್ಯಾನ್ಲಿ ಕಪ್ ತಂದಿತು. ಊರಿಗೆ ಬಂದ ಅತಿಥಿಗಳಿಗೆ ಮಾತ್ರ ಇಲ್ಲಿಯ ಅದೃಷ್ಟ ಹತ್ತಲಿಲ್ಲ.

ಅಮ್ಮ ಒಂದು ಸಲ ಬಂದು ಹೋಗು ಎಂದು ಬರೆದಿದ್ದಾರೆ. ಈ ತಿಂಗಳ 4ರಿಂದ, ಹಿಂದಿನ ಹದಿನಾಲ್ಕು ದಿನ ಭಾರತದಲ್ಲಿದ್ದವರನ್ನು, ಈ ದೇಶದ ಪ್ರಜೆಗಳು ಮತ್ತಿತರ ಕೆಲವರನ್ನು ಬಿಟ್ಟರೆ, ಒಳಗೆ ಬಿಡುತ್ತಿಲ್ಲ. ಬಂದರೆ ಮರಳುವುದು ಯಾವಾಗಲೋ, ಕೆಲಸ ಉಳಿಯುವುದೋ ಇಲ್ಲವೋ ತಿಳಿಯದು. ಬರಲು ಮನಸ್ಸಿಲ್ಲವೆಂದು ಅಮ್ಮ ತಿಳಿಯದಂತೆ ನೀವೇ ಹೇಳಬೇಕು.

ಈಗ ನಿಮ್ಮ ವಿಚಾರ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮೀಟರು ಮೊನ್ನೆ ರಾತ್ರಿ 93 ತೋರಿಸಿದ್ದನ್ನು ಸುಮಿ ನನಗೆ ಹೇಳಿದ್ದಾಳೆ, ಅವಳನ್ನು ಗದರಬೇಡಿ. ಮೀಟರು ಕೆಟ್ಟಿದೆ ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ಅದೇ ಮೀಟರು ಅಮ್ಮನಿಗೆ 98 ತೋರಿಸಿದೆ. ಕಷಾಯ ಕುಡಿಯಿರಿ, ಬೇಡವೆನ್ನುವುದಿಲ್ಲ, ಆದರೆ ಇದನ್ನು ಓದಿದ ದಿನವೇ ಚಿಕ್ಕಪ್ಪನವರ ಜೊತೆ ಹೋಗಿ ಡಾಕ್ಟರಿಗೆ ತೋರಿಸಿ, ಟೆಸ್ಟ್ ಮಾಡಿಸಿ. ಲಾಕ್‌ಡೌನ್ ಇದ್ದರೂ ಆಸ್ಪತ್ರೆಗೆ ಹೋಗುವವರನ್ನು ಪೊಲೀಸರು ತಡೆಯುವುದಿಲ್ಲ. ಕೋವಿಶೀಲ್ಡ್ ಎರಡನೆಯ ಡೋಸಿಗೆ 12ರಿಂದ 16 ವಾರ ಎಂದು ಈಗ ಬದಲಿಸಿರುವುದರಿಂದ, ಮೊದಲ ಡೋಸ್ ಆಗಿದೆಯೆಂಬ ಧೈರ್ಯದಲ್ಲಿ ತಿರುಗಾಡಬೇಡಿ. ಖರ್ಚಿನ ಮಾತೆತ್ತಲೇಬೇಡಿ, ಸುಮಿಯ ಖಾತೆಗೆ ಹಣ ಹಾಕಿದ್ದೇನೆ, ಬೇಕಾದರೆ ಇನ್ನೂ ಹಾಕುತ್ತೇನೆ.

ನನ್ನ ಬಗ್ಗೆ ಎಳ್ಳಷ್ಟೂ ಚಿಂತೆ ಬೇಡ. ಎರಡೂ ಡೋಸ್ ಆಗಿದೆ, ಕೆಲಸ ಮನೆಯಿಂದಲೇ, ದಿನವೂ ಅನ್ನ ಸಾರು ಮಾಡಿಕೊಳ್ಳುತ್ತೇನೆ, ನಿದ್ದೆ ಚೆನ್ನಾಗಿದೆ, ತೂಕವೂ ಹೆಚ್ಚಿದೆ.

ಮೀಟಿಂಗಿಗೆ ಹೊತ್ತಾಯಿತು. ಅಮ್ಮನಿಗೂ ಚಿಕ್ಕಪ್ಪನವರಿಗೂ ನಮಸ್ಕಾರ, ಸುಮಿಗೆ ಆಶೀರ್ವಾದ. ಡಾಕ್ಟರು ಏನೆಂದರೆಂದು ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿಸಿ.

ನಿಮ್ಮ ಮಗ,
ರಘು