ಬೈದರೆ ಖೋ-ಖೋ ಗೆಲ್ಲುತ್ತಾರಾ?

ಮಾನ್ಯ ಸಂಪಾದಕರೇ,

ತಾಲ್ಲೂಕು ಮಟ್ಟದ ಬಾಲಕಿಯರ ಖೋ-ಖೋ ಸುದ್ದಿಯನ್ನು ನಿನ್ನೆ ಓದಿದೆ. ಸೋಲಿಗೆ ಆಟಗಾರ್ತಿಯರ ಆಸಕ್ತಿ ಸಾಲದ್ದೇ ಕಾರಣ ಎಂದು ಕೋಚ್ ಹೇಳಿದ್ದನ್ನು ಹಾಗೇ ಹಾಕಿದ್ದೀರಿ. ಮಕ್ಕಳನ್ನು ಯಾರೂ ಕೇಳಿಲ್ಲ. ನನ್ನ ಮಗಳು ಆ ತಂಡದಲ್ಲಿದ್ದಳು. ನಾನೂ ಅಲ್ಲೇ ಇದ್ದೆ.

ಆಸಕ್ತಿ ಇಲ್ಲದ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು ಕ್ಯಾತ್ಸಂದ್ರದಿಂದ ಬಸ್ಸು ಹಿಡಿದು ಬರುತ್ತಾಳಾ? ಅವತ್ತು ನಾನು ಗಾರ್ಮೆಂಟ್ಸ್‌ಗೆ ರಜೆ ಹಾಕಿದೆ, ಒಂದು ದಿನದ ಸಂಬಳ ಹೋಯಿತು. ಒಂಬತ್ತಕ್ಕೆ ಅಂದ ಪಂದ್ಯ ಹನ್ನೆರಡೂವರೆಗೆ ಶುರುವಾಯಿತು. ಕಟ್ಟಿಕೊಂಡು ಬಂದ ಚಿತ್ರಾನ್ನ ಬಿಸಿಲಿಗೆ ಹಳಸಿತು. ಕುಡಿಯಲು ನೀರಿಲ್ಲ, ಶೌಚಾಲಯಕ್ಕೆ ಬೀಗ.

ಖೋ-ಖೋ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಅಟ್ಟುವ ತಂಡದ ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ, ಒಬ್ಬಳ ಮುಖ ಈ ಕಡೆ, ಪಕ್ಕದವಳದ್ದು ಆ ಕಡೆ. ಅಟ್ಟಿಕೊಂಡು ಓಡುತ್ತಿರುವ ಜೊತೆಯವಳು ಹಿಂದಿನಿಂದ ಮುಟ್ಟಿ 'ಖೋ' ಅಂದ ಮೇಲೇ ಏಳಬೇಕು. ಮೊದಲೇ ಎದ್ದರೆ ಫೌಲ್. ತಡವಾದರೆ ಎದುರಾಳಿ ತಪ್ಪಿಸಿಕೊಂಡಳು ಅಂತಲೇ. ಕಿವಿಯೆಲ್ಲ ಜೊತೆಯವಳ ಕಡೆ ಇರಬೇಕು. ನಮ್ಮ ಮಕ್ಕಳ ಕಿವಿ, ಕಣ್ಣು ಎರಡೂ ಗೆರೆಯಾಚೆ ನಿಂತು ಕೂಗಾಡುತ್ತಿದ್ದ ಕೋಚ್ ಕಡೆ ಇದ್ದವು. ನನ್ನ ಮಗಳು ಒಂದು ಸಲ ಬೇಗ ಎದ್ದಳು. ಎಲ್ಲರೆದುರು 'ಎಮ್ಮೆ' ಅನ್ನಿಸಿಕೊಂಡಳು. ಆಮೇಲೆ ಪ್ರತಿ ಸಲವೂ ತಡವಾಗಿಯೇ ಎದ್ದಳು. ಸೋತ ಮೇಲೆ ಆ ಬಿಸಿಲಲ್ಲಿ ಹತ್ತು ಸುತ್ತು ಓಡಿಸಿದರು. ಈಗ ಶೂ ಮುಟ್ಟುತ್ತಿಲ್ಲ.

ಕಟ್ಟುನಿಟ್ಟು ಬೇಡ ಅಂತ ನಾನು ಹೇಳುತ್ತಿಲ್ಲ. ಹೋದ ವರ್ಷ ಇದ್ದ ಪಿ.ಟಿ. ಮೇಷ್ಟ್ರು ಐದು ನಿಮಿಷ ತಡವಾದರೂ ಆಟಕ್ಕೆ ಸೇರಿಸುತ್ತಿರಲಿಲ್ಲ. ಆದರೆ ತಪ್ಪಿದಾಗ ಹತ್ತಿರ ಕರೆದು, ಏಳುವಾಗ ಯಾವ ಕಾಲು ಮುಂದಿಡಬೇಕು ಅಂತ ಕೂತು ತೋರಿಸುತ್ತಿದ್ದರು. ಮಕ್ಕಳು ಅವರಿಗೋಸ್ಕರ ಪ್ರಾಣ ಬಿಟ್ಟು ಆಡುತ್ತಿದ್ದರು. ಅಂಥವರನ್ನೇ ವರ್ಗ ಮಾಡಿದರು.

ನನ್ನ ತಮ್ಮ ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಪದವಿ, ಓದಿದವನು. ಅವನು ಹೇಳಿದ್ದನ್ನು ಬರೆಯುತ್ತೇನೆ. ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ತಂಡಗಳನ್ನು ನೋಡಿ 1992ರಲ್ಲಿ ಒಂದು ಅಧ್ಯಯನ ಬಂತು. ಹುರಿದುಂಬಿಸಿ ಹೇಳಿಕೊಡುವುದನ್ನು ಕಲಿತಿದ್ದ ಕೋಚ್‌ಗಳ ಕೈಯಲ್ಲಿ ಮುಂದಿನ ವರ್ಷ ಆಟ ಬಿಟ್ಟ ಮಕ್ಕಳು ನೂರಕ್ಕೆ 5. ಉಳಿದವರ ಕಡೆ 26. ಚೆಲ್ಲದುರೈ ಮತ್ತು ಸಲೇಹ್ ಅನ್ನುವವರು 1980ರಲ್ಲೇ ಒಂದು ಪ್ರಶ್ನಾವಳಿ ಮಾಡಿದ್ದಾರೆ. ಎಂಥ ಕೋಚ್ ಇಷ್ಟ ಅಂತ ಆಟಗಾರರನ್ನೇ ಕೇಳುತ್ತಾರೆ ಅದರಲ್ಲಿ. ನಮ್ಮೂರಲ್ಲಿ ಒಂದು ಸಲವಾದರೂ ಹಾಗೆ ಕೇಳಿದ್ದಾರಾ?

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ನಮ್ಮ ರಾಜ್ಯದ ಚೈತ್ರಾ ಇದ್ದರು. ಅದನ್ನು ಟಿ.ವಿ.ಯಲ್ಲಿ ನೋಡಿಯೇ ನನ್ನ ಮಗಳು ಆಡುತ್ತೇನೆ ಅಂತ ಹಠ ಹಿಡಿದದ್ದು. ಗೆದ್ದು ಬಂದವರಿಗೆ ಸರ್ಕಾರ ಕೊಡಲು ಹೊರಟದ್ದು 5 ಲಕ್ಷ. ಅದು ತೀರಾ ಕಡಿಮೆ ಅಂತ ಅವರು ಬೇಡ ಅಂದರು. ಮೇಲಿನವರಿಗೇ ಆಟದ ಬೆಲೆ ಗೊತ್ತಿಲ್ಲದಿದ್ದರೆ ಕೆಳಗೆ ಹೇಗಿರುತ್ತದೆ?

ಕಚೇರಿಗೆ ಹೋದರೆ ಅರ್ಜಿ ಬರೆದುಕೊಡಿ ಅನ್ನುತ್ತಾರೆ. ಶೌಚಾಲಯದ ಬೀಗದ ಬಗ್ಗೆ ಹೋದ ವರ್ಷ ಕೊಟ್ಟ ಅರ್ಜಿ ಎಲ್ಲಿದೆ? ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ಕೂಡದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದೆ. ಮೈದಾನಕ್ಕೆ ಅದು ಅನ್ವಯಿಸುವುದಿಲ್ಲವೇ?

ಆ ಕೋಚ್‌ಗೆ ಮಕ್ಕಳ ಜೊತೆ ಮಾತಾಡುವುದನ್ನು ಮೊದಲು ಕಲಿಸಿ. ಆಗದಿದ್ದರೆ ಬದಲಾಯಿಸಿ. ಹಳೇ ಮೇಷ್ಟ್ರನ್ನು ವಾಪಸ್ ಕಳಿಸಿ. ನೀರಿನ ಟ್ಯಾಂಕ್ ಇಡಿಸಿ. ಸಂಬಂಧಪಟ್ಟವರು ಯಾರೇ ಇರಲಿ, ಒಂದು ದಿನ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು ಆ ಮಕ್ಕಳ ಮುಖ ನೋಡಿ.

— ಆಟಗಾರ್ತಿಯ ತಾಯಿ, ಕ್ಯಾತ್ಸಂದ್ರ, ತುಮಕೂರು